ಸ್ಕ್ಯಾನ್ ಕೋಣೆಯ ಕಿಟಕಿಯಲ್ಲಿಟ್ಟ ನನ್ನ ಫೋನು

ಸರ್ಕಾರಿ ಆಸ್ಪತ್ರೆಗಳ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಂಗಿಯ ಮಾತು ಹೋಗಿದ್ದಕ್ಕೆ ನನ್ನ ಅಮ್ಮನೇ ಕಾರಣ ಎಂದು ನಿಮ್ಮ ಕಚೇರಿ ಬರೆದು, ಸಹಿ ಹಾಕಿ, ಮೊಹರು ಒತ್ತಿ ಮನೆ ಬಾಗಿಲಿಗೆ ತಲುಪಿಸಿದೆ. ಖಾಸಗಿಯಾಗಿ ದೂರು ಕೊಟ್ಟವನಿಗೆ ಸಿಕ್ಕ ಉತ್ತರ ಅದಾದ್ದರಿಂದ, ಈ ಸಲ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ತಮ್ಮ ಅಮೂಲ್ಯ ಸಮಯ ಹಾಳು ಮಾಡುತ್ತಿರುವುದಕ್ಕೆ ಕ್ಷಮೆ ಇರಲಿ. ನಮ್ಮ ಸಮಯವನ್ನು ನೀವು ಹಾಳು ಮಾಡಿದ ಕಥೆಯೇ ಇದು.

ನಿಮ್ಮ ಘನ ವಾಕ್ಯ ಹೀಗಿದೆ: “ರೋಗಿಯ ಸಂಬಂಧಿಕರ ಮೊಬೈಲಿಗೆ ಪದೇ ಪದೇ ಬಂದ ಕರೆಗಳಿಂದಾಗಿ ಚಿತ್ರ ರವಾನೆಯಲ್ಲಿ ವಿಳಂಬ ಉಂಟಾಗಿರುತ್ತದೆ.” ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಇನ್ನೊಬ್ಬರ ವಾಕ್ಯಗಳನ್ನು ಸರಿಪಡಿಸುವುದೇ ನನ್ನ ಹೊಟ್ಟೆಪಾಡು. ಇದರಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ, ಅಭಿನಂದನೆಗಳು. ಆದರೆ ಓದಿದ ಯಾರಿಗಾದರೂ ಒಂದು ಪ್ರಶ್ನೆ ಏಳಬೇಕಲ್ಲವೇ? ಸಂಬಂಧಿಕರ ಮೊಬೈಲಿಗೆ ನಿಮ್ಮ ಸ್ಕ್ಯಾನ್ ಕೋಣೆಯಲ್ಲಿ ಏನು ಕೆಲಸವಿತ್ತು?

ನನ್ನ ತಂಗಿ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಆ ಮಧ್ಯಾಹ್ನ ಬಟ್ಟೆ ಕತ್ತರಿಸುತ್ತಿದ್ದಾಗ ಕತ್ತರಿ ಕೈಯಿಂದ ಜಾರಿ ಬಿತ್ತು, ಬಾಯಿ ಒಂದು ಕಡೆಗೆ ವಾಲಿತು. ಅಂಗಡಿಯ ಅಕ್ಕ ನನಗೂ ಅಮ್ಮನಿಗೂ ಫೋನ್ ಮಾಡಿದರು. ನಾನು ಓಡಿಹೋಗಿ, ಸಿಕ್ಕ ಗಾಡಿಯಲ್ಲಿ ಅವಳನ್ನು ನಿಮ್ಮ ಆಸ್ಪತ್ರೆಗೆ ಕರೆತಂದೆ. ಅಲ್ಲಿದ್ದ ಡಾಕ್ಟರಮ್ಮ ಒಂದು ಕ್ಷಣವನ್ನೂ ದಂಡ ಮಾಡಲಿಲ್ಲ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಬೇಗ ಕೊಡಬೇಕು. ರಕ್ತನಾಳ ಒಡೆದಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯುತ್ತದೆ. ಯಾವುದು ಎಂದು ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರು ಸ್ಕ್ಯಾನ್ ಚಿತ್ರ ನೋಡಿ ಹೇಳಬೇಕು ಎಂದು ನಿಂತಲ್ಲೇ ವಿವರಿಸಿದರು. ನೀವು ರಿಬ್ಬನ್ ಕತ್ತರಿಸಿ ಫೋಟೊ ತೆಗೆಸಿಕೊಂಡಿರಲ್ಲ, ಅದೇ ಯಂತ್ರದಲ್ಲಿ ಸ್ಕ್ಯಾನೂ ಆಯಿತು.

ಆಮೇಲೆ ಯಂತ್ರ ನಡೆಸುವವರು ನನ್ನ ಕಡೆ ತಿರುಗಿದರು. “ಅಣ್ಣಾ, ನಿಮ್ಮ ಫೋನಲ್ಲಿ ನೆಟ್ ಇದ್ಯಾ? ಹಾಟ್‌ಸ್ಪಾಟ್ ಆನ್ ಮಾಡಿ ಕೊಡಿ.”

“ಆಸ್ಪತ್ರೇದು ಇಲ್ವಾ?”

“ಅಯ್ಯೋ, ಆ ಲೈನ್ ಸತ್ತು ಯಾವ ಕಾಲ ಆಯ್ತು! ಬರೆದೂ ಬರೆದೂ ಸಾಕಾಗಿದೆ. ಇಲ್ಲಿ ಯಾರ ಪೇಷಂಟೋ ಅವರದೇ ನೆಟ್ಟು.”

ಪ್ರತಿ ಕೋಣೆಯಲ್ಲೂ ಇಂಟರ್ನೆಟ್ ಇರುವ ಕಚೇರಿಯಲ್ಲಿ ಕೂರುವ ತಮಗೆ ಇದು ಹೊಸದಿರಬಹುದು. ಫೋನಿನ ಇಂಟರ್ನೆಟ್ಟನ್ನು ತಂತಿಯಿಲ್ಲದೆ ಕಂಪ್ಯೂಟರಿಗೆ ಹಂಚುವುದಕ್ಕೆ ಹಾಟ್‌ಸ್ಪಾಟ್ ಎನ್ನುತ್ತಾರೆ. ನನ್ನ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಆ ಕೋಣೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರವಂತೆ. “ಇಲ್ಲೇ ಇರ್ಲಿ, ಅಲ್ಲಾಡಿಸ್ಬೇಡಿ. ನೀವು ಹೋಗಿ ತಂಗಿ ಹತ್ರ ಕೂತ್ಕೊಳ್ಳಿ” ಎಂದರು. ಹೋಗಿ ಕೂತೆ. ಅವಳು ಎಡಗೈಯಲ್ಲಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಏನೋ ಹೇಳಲು ಒದ್ದಾಡುತ್ತಿದ್ದಳು. “ಈಗ ಬಂತು, ಈಗ ಇಂಜೆಕ್ಷನ್ ಕೊಡ್ತಾರೆ ಪುಟ್ಟೀ” ಎನ್ನುತ್ತಲೇ ಇದ್ದೆ.

ನನ್ನದು ಹಳೆಯ ಫೋನು. ಕರೆ ಬಂದರೆ ನೆಟ್ ಕಡಿದುಹೋಗುತ್ತದೆ. ಸ್ಕ್ಯಾನಿನ ಚಿತ್ರ ಭಾರಿ ಗಾತ್ರದ್ದು. ಅರ್ಧದಲ್ಲಿ ಕಡಿದರೆ ಮತ್ತೆ ಮೊದಲಿನಿಂದ ಕಳಿಸಬೇಕು. ಅತ್ತ ಮನೆಯಲ್ಲಿ ಅಮ್ಮ. ಮಂಡಿನೋವಿನಿಂದ ಗೇಟು ದಾಟಲಾರದವಳು. ಮಗಳಿಗೆ ಏನೋ ಆಗಿದೆ ಎಂದಷ್ಟೇ ಗೊತ್ತು. ನನಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಹೆತ್ತವಳು ಏನು ಮಾಡಬೇಕಿತ್ತು ಸ್ವಾಮೀ? ಸರ್ಕಾರಿ ಕೆಲಸಕ್ಕೆ ಅಡ್ಡಿಯಾದೀತೆಂದು ಸುಮ್ಮನೆ ಕೂರಬೇಕಿತ್ತೇ? ಮತ್ತೆ ಮಾಡಿದಳು, ಮತ್ತೂ ಮಾಡಿದಳು. “ಧೈರ್ಯವಾಗಿರಮ್ಮ, ಆಸ್ಪತ್ರೆ ಸೇರಿದೀವಿ” ಎಂದು ಒಂದು ಮಾತು ಹೇಳಲು ನನ್ನ ಕೈಯಲ್ಲಿ ಫೋನಿರಲಿಲ್ಲ. ಅದು ನಿಮ್ಮ ಸೇವೆಯಲ್ಲಿತ್ತು.

ಯಂತ್ರದವರನ್ನು ಆಮೇಲೆ ಕೇಳಿದೆ. “‘ಅಮ್ಮ’ ಅಂತ ಬರ್ತಿತ್ತು ಅಣ್ಣಾ. ಬೇರೆಯವರ ಫೋನು, ಹೇಗೆ ಎತ್ಲಿ? ಎತ್ತಿದ್ರೂ ಏನಂತ ಹೇಳ್ಲಿ?” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೊನೆಗೂ ಚಿತ್ರ ತಲುಪಿದಾಗ ದೊಡ್ಡಾಸ್ಪತ್ರೆಯವರು ಹೇಳಿದ್ದು, ಹೆಪ್ಪುಗಟ್ಟಿರುವುದು ನಿಜ, ಆದರೆ ಇಂಜೆಕ್ಷನ್ ಕೊಡುವ ಹೊತ್ತು ಮೀರಿದೆ. “ಇಷ್ಟು ಹೊತ್ತು ಏನ್ ಮಾಡ್ತಿದ್ರಿ?” ಎಂದು ಡಾಕ್ಟರಮ್ಮನನ್ನೇ ಗದರಿದರಂತೆ. ಈಗ ನನ್ನ ತಂಗಿಯ ಬಲಗೈ ಮಡಿಲಲ್ಲಿ ಬಿದ್ದಿರುತ್ತದೆ. ಬಾಯಿಂದ ಹೊರಡುವುದು ಒಂದೇ ಒಂದು ಸ್ವರ. ಹಸಿವಿಗೂ ಅದೇ, ಅಳುವಿಗೂ ಅದೇ.

ನಿಮ್ಮ ಪತ್ರ ಬಂದಾಗ ನಾನು ಕೆಲಸದಲ್ಲಿದ್ದೆ. ಅಮ್ಮನಿಗೆ ಕಣ್ಣು ಮಂಜು. ತಂದ ಜವಾನರನ್ನೇ ಓದಿ ಹೇಳಿ ಎಂದಳಂತೆ. ಅವರು ಪಾಪ, ಓದಿದರು. “ಕರೆ ಅಂದ್ರೆ ನಾನು ಮಾಡಿದ್ದಾ?” ಎಂದು ಕೇಳಿದ್ದಕ್ಕೆ “ನನಗೇನು ಗೊತ್ತಮ್ಮಾ, ಹಾಗೆ ಬರ್ದಿದೆ” ಎಂದು ಹೋದರು. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅಮ್ಮ ಕೇಳಿದಳು: “ನಾನು ಬಾಯ್ಮುಚ್ಕೊಂಡು ಕೂತಿದ್ರೆ ನನ್ ಮಗಳು ಮಾತಾಡ್ತಿದ್ಲು, ಅಲ್ವೇನೋ?”

ಅಲ್ಲ ಎಂದೆ, ಆಣೆ ಮಾಡಿದೆ, ಕೂಗಾಡಿದೆ. “ನೀನು ಮಗ, ಹಾಗೇ ಹೇಳ್ತೀಯ. ಅವರು ಓದಿದೋರು, ಮೊಹರು ಹಾಕಿ ಬರ್ದಿದಾರೆ” ಎನ್ನುತ್ತಾಳೆ. ಅಂದಿನಿಂದ ಅವಳು ಫೋನು ಮುಟ್ಟಿಲ್ಲ. ರಿಂಗಾದರೆ ಎದ್ದು ಒಳಗೆ ಹೋಗುತ್ತಾಳೆ. ತಂಗಿ ಎಡಗೈಯಲ್ಲಿ ಫೋನನ್ನು ಅಮ್ಮನ ಕಡೆ ತಳ್ಳಿ, ಅಲ್ಲ ಅಲ್ಲ ಎಂದು ತಲೆಯಾಡಿಸುತ್ತಾಳೆ. ಅಮ್ಮ ಅವಳ ಮುಖ ನೋಡುವುದಿಲ್ಲ. ಸತ್ತ ಲೈನು ನಿಮ್ಮದು, ಬರೆದರೂ ಓದದ ಕಚೇರಿ ನಿಮ್ಮದು, ಗೂಬೆ ಕೂರಿಸಿದ್ದು ಮಾತ್ರ ನನ್ನ ಅಮ್ಮನ ತಲೆಯ ಮೇಲೆ. ನಾಚಿಕೆಯಾಗಬೇಕು ನಿಮಗೆ.

ಆ ಕೋಣೆಗೆ ಒಂದು ತಂತಿ ಎಳೆಸಿ. ಅದು ಮುಂದೆ ಬರುವವರಿಗಾಗಿ. ನನಗೆ ಬೇಕಾದದ್ದು ಆ ವಾಕ್ಯದ ತಿದ್ದುಪಡಿ. ಕರಡು ತಿದ್ದಿ ಕೊಡುತ್ತಿದ್ದೇನೆ: “ಆಸ್ಪತ್ರೆಯಲ್ಲಿ ಇಂಟರ್ನೆಟ್ ಇಲ್ಲದ್ದರಿಂದ ವಿಳಂಬ ಉಂಟಾಗಿರುತ್ತದೆ. ತಪ್ಪು ನಮ್ಮದು.” ಇದನ್ನು ಮತ್ತೆ ಜವಾನರ ಕೈಯಲ್ಲಿ ಕಳಿಸಬೇಡಿ. ಅಮ್ಮನ ನಂಬರು ನನ್ನ ದೂರಿನಲ್ಲಿದೆ. ತಾವೇ ಫೋನ್ ಮಾಡಿ ಹೇಳಿ. ಅವಳು ಎತ್ತುವುದಿಲ್ಲ. ಮತ್ತೆ ಮಾಡಿ. ಎತ್ತುವವರೆಗೂ ಮಾಡುತ್ತಲೇ ಇರಿ. ಆ ಮಧ್ಯಾಹ್ನ ಅವಳು ಮಾಡಿದ್ದೂ ಅಷ್ಟೇ.

ಇಂತಿ,
ಒಂದು ಮಧ್ಯಾಹ್ನದ ಮಟ್ಟಿಗೆ ನಿಮ್ಮ ಆಸ್ಪತ್ರೆಯ ಇಂಟರ್ನೆಟ್ ಆಗಿದ್ದವನು