ಮಿಸ್ ಹಸೀನಾಳ ಸಹಿ

ರಾಯಚೂರು,
೧೧ ಜನವರಿ ೧೯೪೬

ಪ್ರೀತಿಯ ತಮ್ಮ ಸುಂಕಪ್ಪನಿಗೆ,

ಮುಂಬಯಿಯ ಗಾಳಿ ಒಗ್ಗಿತೇ? ಕೆಮ್ಮು ನಿಂತಿತೇ? ಖಾನಾವಳಿಯಲ್ಲಿ ಜೋಳದ ರೊಟ್ಟಿ ಸಿಗುತ್ತದೋ ಇಲ್ಲವೋ ಎಂದು ಅರಕೇರಾದಿಂದ ಯವ್ವ ಕೇಳಿ ಕಳಿಸಿದ್ದಾಳೆ. ಅವಳ ಮಂಡಿನೋವು ಇದ್ದಂತೆಯೇ ಇದೆ. ನಾವೆಲ್ಲ ಕ್ಷೇಮ. ಈ ಮಾತು ಬರೆಯುವಾಗ ಕೈ ಎಷ್ಟು ಸಲೀಸಾಗಿ ಓಡುತ್ತದೆ ಎಂಬುದನ್ನು ಈಚೆಗೆ ಗಮನಿಸುತ್ತಿದ್ದೇನೆ.

ನೀನು ಸ್ಟುಡಿಯೋದಿಂದ ಕಳಿಸಿದ, ಸಿನಿಮಾ ತಾರೆ ಮಿಸ್ ಹಸೀನಾಳ ಸಹಿಯಿರುವ ಫೋಟೊ ಈಗ ಅಲ್ಲಾಉದ್ದೀನ್ ಸಾಹೇಬರ ಟಾಕೀಸಿನ ಬಾಗಿಲಲ್ಲಿ ಗಾಜಿನೊಳಗಿದೆ. ಅದಕ್ಕೆ ಬೆಲೆ ಕಟ್ಟಿದವರು ಅವರೇ. ಸಹಿ ಅಸಲಿಯಾದರೆ ಟಾಕೀಸಿನ ಅಂಗಳದಲ್ಲಿ ಗೋಪಮ್ಮಕ್ಕನ ಚಹದಂಗಡಿಗೆ ಜಾಗ, ನಕಲಿಯಾದರೆ ರಟ್ಟಿನ ಬೆಲೆ. ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದ ಮೇಲೆ ಅಕ್ಕ ತನ್ನದೆಂದು ಕೇಳಿದ್ದು ಆ ಜಾಗವೊಂದನ್ನೇ. ಸಾಹೇಬರು ಬೆರಳು ತೇವ ಮಾಡಿಕೊಂಡು ಸಹಿಯ ತುದಿ ಉಜ್ಜಿದರು. ಮಸಿ ಕದಡಿತು. “ಮಸಿ ಖರೇ ಅದ, ಕೈ ಯಾರದು?” ಅಂದರು. ಮಾನ್ವಿಯ ಗುಲ್ಶನ್ ಬೇಗಂ ಬಳಿ ಸ್ಟುಡಿಯೋದಿಂದ ಟಪಾಲಿನಲ್ಲಿ ಬಂದ ಇಂಥದೇ ಫೋಟೊ ಇತ್ತು. ಅದನ್ನು ರೇಷ್ಮೆಯಲ್ಲಿ ಸುತ್ತಿಕೊಂಡು ಆಕೆ ತಾನೇ ಬಂದಳು. “ನನಗ ಆಕಿ ಖುದ್ದು ಬರದಾಳ್ರೀ, ಹುಷಾರು,” ಎನ್ನುತ್ತ ಕೊಟ್ಟಳು. ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದರು. ಒಂದರಂತೆ ಇನ್ನೊಂದು.

ತಸ್ದೀಕ್ ಆಗದ, ಖರೆಯೆಂದು ಯಾರೂ ಬರೆದುಕೊಡದ ಕಾಗದವನ್ನು ನಮ್ಮ ಊರು ನಂಬುವುದಿಲ್ಲ. ಕಚೇರಿಯ ಗುಮಾಸ್ತನೆಂದು ನನ್ನಿಂದಲೇ ಬರೆಸಿದರು. “ಎರಡೂ ಒಂದೇ ಕೈಯವು” ಎಂದು ಬರೆದೆ. ಅದರಲ್ಲಿ ಸುಳ್ಳಿರಲಿಲ್ಲ. ಬಂಡಿಯ ಗಾಲಿ ನಿನ್ನ ಬೆರಳ ಮೇಲೆ ಹರಿದಂದಿನಿಂದ, ಗೆರೆ ಅರ್ಧಕ್ಕೆ ಬಂದಾಗ ನಿನ್ನ ಲೇಖಣಿ ಒಮ್ಮೆ ಮೇಲೇಳುತ್ತದೆ; ಎರಡೂ ಸಹಿಗಳಲ್ಲಿ ಆ ಸಂದು ಇತ್ತು. ಹಲಗೆಯ ಮೇಲೆ ನಿನಗೆ ಉರ್ದು ಅಕ್ಷರ ತಿದ್ದಿಸಿದವನು ನಾನು. ಸ್ಟುಡಿಯೋದಲ್ಲಿ ‘ಬರವಣಿಗೆಯ ಕೆಲಸ’ ಎಂದಿದ್ದೆಯಲ್ಲ, ಅದೇನೆಂದು ಆ ಬಿಸಿಲಿನಲ್ಲಿ ನಿಂತಾಗ ತಿಳಿಯಿತು. ಯಾರ ಕೈ ಎಂದು ಮತ್ತೆ ಯಾರೂ ಕೇಳಲಿಲ್ಲ.

ಆಮೇಲೆ ಗಿಲ್ಲೆಸುಗೂರಿನ ಪಕೀರಪ್ಪ ಬಂದ. ಸ್ಟೇಷನ್ನಿನ ಹಮಾಲಿ. ಮದರಾಸಿನ ಗಾಡಿ ತಡವಾದ ದಿನ ಮಿಸ್ ಹಸೀನಾಳ ಪೆಟ್ಟಿಗೆ ಹೊತ್ತಿದ್ದನಂತೆ. ಸಿಗರೇಟ್ ಪೊಟ್ಟಣದ ಒಳಮೈಯಲ್ಲಿ ಆಕೆ ಪೆನ್ಸಿಲಿನಿಂದ ಸಹಿ ಹಾಕಿ ಕೊಟ್ಟಿದ್ದಳು. ಅದನ್ನು ಸಾಹೇಬರಿಗೆ ಕೊಟ್ಟು, ಹೆಂಡತಿ ಶೇಖಮ್ಮನಿಗೆ ಟಾಕೀಸಿನಲ್ಲಿ ಒಂದು ಆಟ ತೋರಿಸಬೇಕೆಂಬುದು ಅವನ ಆಸೆ. ಸಾಹೇಬರು ಅದನ್ನು ಗಾಜಿನ ಪಕ್ಕ ಹಿಡಿದರು. ಹೊಂದಲಿಲ್ಲ. “ಯಾರ ಕೈಲಿ ಬರಿಸ್ದೆಲೇ ಪಕೀರ್ಯಾ? ನಿನ್ನ ಹೇಂತಿ ಬರದಳೇನು?” ಜನ ನಕ್ಕರು. ಅವನು ನನ್ನತ್ತ ತಿರುಗಿದ: “ಯಪ್ಪಾ, ನನ್ನ ಬೆನ್ನ ಮ್ಯಾಲೆ ಕಾಗದ ಇಟ್ಟು ಬರದಾಳ್ರಿ. ಪೆನ್ಸಿಲ್ ಒತ್ತಿದ್ದು ಇನ್ನಾ ಗೊತ್ತಾಗತದ್ರಿ.”

“ಕೈ ಬೇರೆ” ಎಂದು ಬರೆದುಕೊಟ್ಟೆ. ಇದರಲ್ಲಿಯೂ ಸುಳ್ಳಿಲ್ಲ.

ಖೋಟಾ ಮನುಷ್ಯನ ಕೈಗೆ ಪ್ರಯಾಣಿಕರ ಸಾಮಾನು ಕೊಡಲಾಗದೆಂದು ಹಮಾಲರ ಮೇಸ್ತ್ರಿ ಅವನ ಹಿತ್ತಾಳೆಯ ಬಿಲ್ಲೆ ಕಿತ್ತುಕೊಂಡಿದ್ದಾನೆ. ಬಿಲ್ಲೆಯಿಲ್ಲದೆ ಪ್ಲಾಟ್‌ಫಾರ್ಮಿಗೆ ಬಿಡುವುದಿಲ್ಲ. ನಾನು ಕಚೇರಿಗೆ ಹೋಗುವ ದಾರಿಯಲ್ಲಿ, ಸ್ಟೇಷನ್ನಿನ ಗೇಟಿನ ಹೊರಗೆ ಅವನು ಕುಳಿತಿರುತ್ತಾನೆ. ನನ್ನನ್ನು ಕಂಡೊಡನೆ ನಮಸ್ಕಾರ ಮಾಡುತ್ತಾನೆ. ಬೇರೆ ಓಣಿ ಹಿಡಿದರೆ ಟಾಕೀಸು ಬರುತ್ತದೆ. ಅಲ್ಲಿ ಅಕ್ಕನ ಒಲೆ ಉರಿಯುತ್ತಿರುತ್ತದೆ, “ಬಾರೋ, ಚಾ ಕುಡ್ದು ಹೋಗು” ಎನ್ನುತ್ತಾಳೆ. ಮೂರನೆಯ ದಾರಿ ಈ ಊರಿನಲ್ಲಿಲ್ಲ. ಬಾಯಿ ಬಿಟ್ಟರೆ ನಿನ್ನ ಅನ್ನ, ಅಕ್ಕನ ಒಲೆ, ನನ್ನ ಕುರ್ಚಿ, ಆ ಬೇಗಮ್ಮಳ ರೇಷ್ಮೆಯ ಗಂಟು ಎಲ್ಲವೂ ಹೋಗುತ್ತವೆ. ಯಾವುದು ಮೊದಲು ನೆನಪಾಗುತ್ತದೆಂದು ನನ್ನನ್ನೇ ನೋಡಿಕೊಂಡೆ. ಕುರ್ಚಿ.

ಹೊತ್ತಿಗೆ ಸರಿಯಾಗಿ ಉಣ್ಣು. ಯವ್ವ ನಿನ್ನ ಹೆಸರು ಹೇಳಿ ದೀಪ ಹಚ್ಚುತ್ತಾಳೆ. ಅಕ್ಕ, ನಿನ್ನ ಅತ್ತಿಗೆ ಇಬ್ಬರೂ ನೆನೆದಿದ್ದಾರೆ. ನನ್ನ ಆಶೀರ್ವಾದ ಇದ್ದೇ ಇದೆ.

ನಿನ್ನ ಅಣ್ಣ,
ಯಂಕೋಬ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು. ಇನ್ನೊಂದು ಫೋಟೊ ಬೇಗ ಕಳಿಸು. “ರಾಯಚೂರಿನಲ್ಲಿ ನನ್ನ ಪೆಟ್ಟಿಗೆ ಹೊತ್ತ ಪಕೀರಪ್ಪನಿಗೆ” ಎಂದು ಬರೆದು, ಎಂದಿನಂತೆಯೇ ಸಹಿ ಹಾಕು. ಸ್ಟುಡಿಯೋದಿಂದ ಬಂದು ಗಾಜಿನೊಳಗಿನದಕ್ಕೆ ಹೊಂದಿದರೆ ಬಿಲ್ಲೆ ತಿರುಗಿ ಕೊಡುತ್ತೇನೆಂದು ಮೇಸ್ತ್ರಿ ಒಪ್ಪಿದ್ದಾನೆ. ಸ್ಟುಡಿಯೋದಿಂದ ಒಂದು ತರಿಸುತ್ತೇನೆಂದು ಪಕೀರಪ್ಪನಿಗೆ ಹೇಳಿದೆ. “ಆಕಿ ಬರದದ್ದು ನನ್ನ ಕಡೆ ಅದಲ್ರಿ, ಇನ್ನೊಂದ್ಯಾಕ್ರಿ?” ಅಂದ. ಆದರೂ ಕಳಿಸು.