ಅಮ್ಮನ ಮೂರು ಡಬ್ಬಿಗಳು

ಮಾರ್ಚ್ ೧೪, ಬೆಳಗಿನ ಹತ್ತು ಗಂಟೆ
ಬೈಂಡಿಂಗ್ ಅಂಗಡಿಯ ಮೇಜಿನಿಂದ

ನನ್ನ ಮುದ್ದು ಮೆಣಸಿನಕಾಯಿಗೆ,

ಆಶೀರ್ವಾದ ಆಮೇಲೆ, ಮೊದಲು ಬೈಗುಳ. ಔಷಧಿ ಅಂಗಡಿಯ ಕೆಲಸ ಬಿಡುತ್ತೇನೆ, ರಾಜೀನಾಮೆ ಬರೆದಿಟ್ಟಿದ್ದೇನೆ, ಸೋಮವಾರ ಕೊಡುತ್ತೇನೆ ಎಂದು ಬರೆದಿದ್ದೀಯಲ್ಲ, ತಲೆಗಿಲೆ ಕೆಟ್ಟಿದೆಯೇನೆ ನಿನಗೆ? ಹೆತ್ತ ತಾಯಿಯ ಕೂದಲನ್ನೇ ಉದುರಿಸಿದವಳು ಊರಿನವರಿಗೆ ಏನು ಮಾತ್ರೆ ಕೊಡಲಿ ಎಂಬ ಸಾಲು ಓದಿ ನನಗೆ ಅಳುವೇ ಬಂತು. ನಿಮ್ಮಪ್ಪನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಅವರ ಕೈಗೆ ಫೋನು ಕೊಟ್ಟದ್ದು ನನ್ನ ತಪ್ಪು. ಅವರು ಅರ್ಧ ಹೇಳಿದ್ದಾರೆ. ಪೂರ್ತಿ ನಾನು ಹೇಳುತ್ತೇನೆ.

ಹೋದ ವರ್ಷ ನನ್ನ ಥೈರಾಯ್ಡ್ ಮಂದವಾಗಿದೆ ಎಂದು ಗೊತ್ತಾದಾಗ ಡಾಕ್ಟರಮ್ಮ ಕೊಟ್ಟದ್ದು ಒಂದೇ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಅಷ್ಟೇ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಅರ್ಧ ವೈದ್ಯರಲ್ಲವೇ! ಸೆಲೆನಿಯಮ್ ಎಂಬ ಖನಿಜ ಥೈರಾಯ್ಡಿಗೆ ಒಳ್ಳೆಯದಂತೆ ಎಂದು ನೀನೊಂದು ಡಬ್ಬಿ ಕಳಿಸಿದೆ. ನಿಮ್ಮಪ್ಪ ತಾವು ಓಡಿಸುವ ಬಸ್ಸಿನ ಕಂಡಕ್ಟರ್ ಮಾತು ಕಟ್ಟಿಕೊಂಡು ಶಕ್ತಿಯ ಪುಡಿ ತಂದು, ನನಗೆ ಹೇಳದೆಯೇ ಹಾಲಿಗೆ ಬೆರೆಸಿದರು. ನಿಮ್ಮತ್ತೆ ಕೂದಲು ಸೊಂಪಾಗಿ ಬೆಳೆಯುತ್ತದೆ ಎಂದು ಇನ್ನೊಂದು ಮಾತ್ರೆಯ ಡಬ್ಬಿ ತಂದಳು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲ.

ಎರಡು ತಿಂಗಳಲ್ಲಿ ಬಾಚಣಿಗೆಯ ತುಂಬ ಕೂದಲು. ಹೆದರಿ ನಿಮ್ಮತ್ತೆ ಕೊಟ್ಟ ಮಾತ್ರೆಯನ್ನು ಒಂದರ ಬದಲು ನಾಲ್ಕು ನುಂಗತೊಡಗಿದೆ. ಉದುರುವುದು ಇನ್ನೂ ಹೆಚ್ಚಿತು. ಉಗುರುಗಳು ಸೀಳಿದವು. ಹಾಳೆಯ ಮಡಿಕೆಯನ್ನು ಉಗುರಿನಿಂದ ತೀಡಲಾಗದೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅಂಗಡಿಗೆ ಬೀಗ ಹಾಕಿದೆ. ಅದರ ಮೇಲೆ ಬಾಯಿವಾಸನೆ! ಕದ್ದು ಬೆಳ್ಳುಳ್ಳಿ ತಿಂತೀಯಾ ಎಂದು ನಿಮ್ಮಪ್ಪ ಬುಟ್ಟಿಯಲ್ಲಿದ್ದ ಬೆಳ್ಳುಳ್ಳಿಯನ್ನೆಲ್ಲ ಎಣಿಸಿದರು. ಒಂದೂ ಕಮ್ಮಿಯಿರಲಿಲ್ಲ. ಆಗ ಅವರಿಗೆ ಭಯ ಹತ್ತಿತು.

ಮನೆಯಲ್ಲಿರುವ ಡಬ್ಬಿಗಳನ್ನೆಲ್ಲ ತನ್ನಿ ಎಂದರು ಡಾಕ್ಟರಮ್ಮ. ನಾನು ಎರಡನ್ನು ಮೇಜಿನ ಮೇಲಿಟ್ಟೆ. ನಿಮ್ಮಪ್ಪ ತಲೆ ಕೆರೆಯುತ್ತ ಚೀಲದಿಂದ ಮೂರನೆಯದನ್ನು ತೆಗೆದರು. ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ ಸಣ್ಣ ಅಕ್ಷರ ಓದಿದರು. ಮೂರರಲ್ಲೂ ಸೆಲೆನಿಯಮ್! ನಿಮ್ಮಪ್ಪನ ಮುಖ ನೋಡಬೇಕಿತ್ತು, ಗಾಳಿ ಹೋದ ಚಕ್ರದ ಹಾಗಿತ್ತು. "ಥೈರಾಯ್ಡಿಗೆ ಇದು ಬೇಕು, ನಿಜ. ಆದ್ರೆ ಚಿಟಿಕೆಗಿಂತ ಎಷ್ಟೋ ಕಮ್ಮಿ. ಬಹಳಷ್ಟು ಜನಕ್ಕೆ ಅದು ಊಟದಲ್ಲೇ ಸಿಗುತ್ತೆ. ಜಾಸ್ತಿ ಆದ್ರೆ ಕೂದಲಿಗೂ ಕುತ್ತು, ಉಗುರಿಗೂ ಕುತ್ತು, ಬಾಯಿಗೆ ಬೆಳ್ಳುಳ್ಳಿ ವಾಸನೆ ಬೇರೆ" ಎಂದರು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಮೂರು ಡಬ್ಬಿಗೂ ರಜೆ ಸಿಕ್ಕಿತು, ಥೈರಾಯ್ಡಿನ ಮಾತ್ರೆಯೊಂದೇ ಉಳಿಯಿತು.

ಈಗ ಸಂತೋಷದ ಸುದ್ದಿ ಕೇಳು. ನಾಲ್ಕು ತಿಂಗಳಾಯಿತು. ತಲೆಯ ಮೇಲೆ ಕೋಳಿಮರಿಯ ತುಪ್ಪಳದಂಥ ಹೊಸ ಕೂದಲು. ನಿಮ್ಮಪ್ಪ ದಿನಕ್ಕೆರಡು ಸಲ ಸವರಿ ನಗುತ್ತಾರೆ. ಉಗುರು ಗಟ್ಟಿಯಾಗಿದೆ. ನಿನ್ನೆ ಶಾಲೆಯ ನಲವತ್ತು ಹಾಜರಿ ಪುಸ್ತಕ ಹೊಲಿದು, ರಟ್ಟು ಹಾಕಿ, ಹಾಡಿಕೊಂಡೇ ಮನೆಗೆ ಬಂದೆ. ಅಕ್ಕಪಕ್ಕದವರು ಕಿಟಕಿ ತೆರೆದು ನೋಡಿದರು. ನೋಡಲಿ ಬಿಡು, ನನಗೆ ಅಷ್ಟು ಖುಷಿಯಾಗಿತ್ತು.

ಆ ರಾಜೀನಾಮೆಯನ್ನು ಹರಿದು ಹಾಕು. ಗಿರಾಕಿ ಮಾತ್ರೆ ಕೇಳಿದಾಗ, ಮನೆಯಲ್ಲಿ ಇನ್ನೇನು ನುಂಗುತ್ತಿದ್ದೀರಿ ಎಂದು ಕೇಳುವವಳೊಬ್ಬಳು ಆ ಅಂಗಡಿಯಲ್ಲಿ ಇರಲೇಬೇಕು.

ಕೈತುಂಬ ಅಂಟು, ಮನಸ್ಸು ತುಂಬ ಹಿಗ್ಗು ಇರುವ
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ನಾಚಿಕೆಯಿಂದ ಕೊನೆಗೆ ಉಳಿಸಿಕೊಂಡದ್ದು. ಪ್ರತಿ ಭಾನುವಾರ ಫೋನಿನಲ್ಲಿ ನಾನು ಕಳಿಸಿದ ಮಾತ್ರೆ ತಗೊಂಡ್ಯಾ ಅಮ್ಮ ಎಂದು ನೀನು ಕೇಳುತ್ತಿದ್ದೆ, ತಗೊಂಡೆ ಕಣೇ ಎಂದು ನಾನು ಹೇಳುತ್ತಿದ್ದೆ. ಅದೆಲ್ಲ ಹಸಿ ಸುಳ್ಳು. ಎತ್ತಿ ಆಡಿಸಿದ ಮಗು ನನಗೇ ಔಷಧಿ ಹೇಳುವುದೇ ಎಂಬ ಹಮ್ಮು ನನಗೆ. ಅವತ್ತು ಡಬ್ಬಿಗಳನ್ನು ಮೇಜಿನ ಮೇಲಿಟ್ಟಾಗ ನಿಮ್ಮಪ್ಪ ಗಮನಿಸಲಿಲ್ಲ, ಡಾಕ್ಟರಮ್ಮ ಮಾತ್ರ ನೋಡಿ ನನ್ನ ಕಡೆ ಹುಬ್ಬು ಹಾರಿಸಿದರು. ನಿನ್ನ ಡಬ್ಬಿಯ ಸೀಲು ಇವತ್ತಿಗೂ ಒಡೆದಿಲ್ಲ, ಮಗಳೇ.