ಅರ್ಧ ಟಿಕೆಟ್ಟಿನ ಅಕ್ಕ

ಆಸ್ಪತ್ರೆಯ ಲಾಂಡ್ರಿ, ಹಿಂಬದಿಯ ಕೋಣೆ
ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ತಂಗಿಯೇ, ಡೇರೆಯ ಕೊನೆಯ ಬೆಂಚಿನವನಿಗೂ ಉಸಿರು ಕೇಳಿಸುತ್ತಿದ್ದ ಮಹಾರಾಣಿಯೇ,

ನಿನ್ನ ಪತ್ರ ಬಂತು. ಓದಿದೆ. ಮಡಚಿ ದಿಂಬಿನ ಕೆಳಗಿಟ್ಟೆ. ತೆಗೆದು ಮತ್ತೆ ಓದಿದೆ. "ಮುಂದಿನ ವಾರ ಹೊರಟು ಬರುತ್ತೇನೆ ಅಕ್ಕ, ದಾಖಲೆ ವಿಭಾಗದಲ್ಲಿ ನಿಂತು ನೀನೇ ದೊಡ್ಡವಳು ಅಂತ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ, ನನ್ನ ಪಿಂಚಣಿ ಹೋದರೆ ಹೋಗಲಿ" ಎಂದು ಬರೆದಿದ್ದೀಯ. ಆಹಾ! ಎಂಥ ಪ್ರವೇಶ! ನಾನು ಪ್ರೇಕ್ಷಕಿಯಾಗಿದ್ದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಆದರೆ ತಾಯಿ, ಈ ದೃಶ್ಯ ನಿನಗಿಲ್ಲ. ಬರಬೇಡ. ಟಿಕೆಟ್ ತೆಗೆದಿದ್ದರೆ ರದ್ದು ಮಾಡಿಸು.

ಫೋನು ಮಾಡಿ ಹೇಳೋಣವೆಂದರೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಕಿವಿಗೆ ತುಂಬಿಕೊಂಡ ನಿನ್ನಲ್ಲಿ ಈಗ ಅಕ್ಕನ ಮಾತಿಗೆ ಜಾಗ ಉಳಿದಿಲ್ಲ. ನಾನು ಕಿರುಚಿದರೆ ಮೂರನೇ ಮಹಡಿಯ ರೋಗಿ ಎದ್ದು ಕೂರುತ್ತಾನೆ, ನಿನಗೆ ಮಾತ್ರ ಕೇಳಿಸುವುದಿಲ್ಲ. ಆದ್ದರಿಂದ ಕಾಗದವೇ ಗತಿ. ಅಕ್ಷರ ವಕ್ರವಾಗಿದ್ದರೆ ಕ್ಷಮಿಸು. ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದೇನೆ, ಸುಮ್ಮನೆ, ಹವ್ಯಾಸಕ್ಕೆ.

ನಾನು ಬಿದ್ದ ಸುದ್ದಿ, ದಾಖಲೆ ವಿಭಾಗಕ್ಕೆ ಹೊರಟ ಸುದ್ದಿ ಎರಡನ್ನೂ ನಿನಗೆ ಮುಟ್ಟಿಸಿದ್ದು ಹಂಗಾಮಿ ಎಂದು ಗೊತ್ತಾಯಿತು. ಗೋಡೆಗೆ ಅಂಟಿಸಿದ್ದ ನಿನ್ನ ವಿಳಾಸವನ್ನು ನೋಡಿ ಬರೆದಳಂತೆ, ಕಳ್ಳಿ. ಹಂಗಾಮಿ ಯಾರೆಂದರೆ, ಬೆಡ್‌ಶೀಟ್ ಮಡಚುವಾಗ ನನ್ನ ಎದುರಿನ ತುದಿ ಹಿಡಿಯುವವಳು. ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾಯಿತು, ಇನ್ನೂ ಖಾಯಂ ಆಗಿಲ್ಲ. ಎಲ್ಲರೂ ಅವಳನ್ನು ಹಂಗಾಮಿ ಎಂದೇ ಕರೆದು ಕರೆದು ಈಗ ಅವಳ ಮಕ್ಕಳೂ ಅಮ್ಮನ ಹೆಸರು ಕೇಳಿದರೆ ಒಂದು ಗಳಿಗೆ ಯೋಚಿಸುತ್ತಾರಂತೆ. ಅವಳು ಖಾಯಂ ಆಗಬೇಕಾದರೆ ಒಂದು ಜಾಗ ಖಾಲಿಯಾಗಬೇಕು. ಆ ಜಾಗದಲ್ಲಿ ನಿಂತಿರುವವಳು ನಾನು.

ಇನ್ನು ನಿವೃತ್ತಿಯ ಸುದ್ದಿ ಬಂದ ದಿನದ ಕಥೆ ಕೇಳು.

ನಮ್ಮ ಲಾಂಡ್ರಿ ನೆಲಮಾಳಿಗೆಯಲ್ಲಿದೆಯಲ್ಲ, ಕಿಟಕಿಯಿಲ್ಲ. ಗಾಳಿ ಬರುವುದು ಒಂದು ಕೊಳವೆಯಿಂದ, ಜನ ಬರುವುದು ಒಂದು ಬಾಗಿಲಿನಿಂದ, ಕೊಳೆಬಟ್ಟೆ ಬರುವುದು ಮಾತ್ರ ಮೇಲಿನ ಎಲ್ಲ ಮಹಡಿಗಳಿಂದ. ಬಲಗಡೆ ಸೈಡ್‌ವಿಂಗ್ ಇಲ್ಲ, ಎಡಗಡೆ ಸೈಡ್‌ವಿಂಗ್ ಇಲ್ಲ, ಹಿಂದೆ ಪರದೆಯಿಲ್ಲ. ನಿರ್ಗಮನವೇ ಬರೆಯದ ರಂಗಸ್ಥಳ! ಅಲ್ಲಿ ಆವಿಯ ನಡುವೆ ನಾವು ನಿಂತಿರುವಾಗ ಬಾಯ್ಲರ್‌ನವನ ರೇಡಿಯೋ ಮಾತಾಡಿತು. ನಿವೃತ್ತಿಯ ಸವಲತ್ತು ಇನ್ನು ಅರವತ್ತಕ್ಕಲ್ಲ, ಅರವತ್ತಮೂರಕ್ಕೆ. ಜನರ ಆಯಸ್ಸು ಹೆಚ್ಚಿದೆ, ಖಜಾನೆಯ ಮೇಲೆ ಭಾರ ಬೀಳುತ್ತಿದೆ, ಶಕ್ತಿ ಇರುವವರು ಇನ್ನಷ್ಟು ದಿನ ದುಡಿಯಲಿ ಎಂದು ಮಂತ್ರಿಗಳು ಬಹಳ ಮೆತ್ತಗೆ ಹೇಳಿದರು. ಅಷ್ಟು ಮೆತ್ತನೆಯ ದನಿಯವರನ್ನು ನಮ್ಮಪ್ಪ ತನ್ನ ನಾಟಕ ಕಂಪನಿಯಲ್ಲಿ ದ್ವಾರಪಾಲಕನ ಪಾತ್ರಕ್ಕೂ ಇಟ್ಟುಕೊಳ್ಳುತ್ತಿರಲಿಲ್ಲ.

ಬಾಯ್ಲರ್‌ನವನು ತೊಡೆ ತಟ್ಟಿ ನಕ್ಕ. "ಒಳ್ಳೇದೇ ಆಯ್ತು ಬಿಡಿ! ಇಲ್ಲಿ ನಾನು ಬಾಯ್ಲರ್‌ಗೆ ಯಜಮಾನ, ಮನೇಲಿ ಟಿವಿ ರಿಮೋಟಿಗೂ ಅಲ್ಲ. ಸುಮ್ನೆ ಕೂತ್ರೆ ನನ್ ಹೆಂಡ್ತಿ ಮೂರೇ ದಿನಕ್ಕೆ ಗುಜರಿಗೆ ಹಾಕ್ಬಿಡ್ತಾಳೆ" ಎಂದ. ಅವನ ಮಾತು ಸುಳ್ಳೆನ್ನಲಾರೆ. ಮೀಟರಿನ ಮುಳ್ಳು ನೋಡಿಕೊಂಡು ಸ್ಟೂಲಿನ ಮೇಲೆ ಕೂರುವವನಿಗೆ ಅರವತ್ತಮೂರಾದರೇನು, ಎಪ್ಪತ್ತಾದರೇನು? ಖಜಾನೆಯ ಕಷ್ಟವೂ ನನಗೆ ತಿಳಿಯದ್ದಲ್ಲ. ಗಲ್ಲಾಪೆಟ್ಟಿಗೆ ಖಾಲಿಯಾಗಿ ಅಪ್ಪ ಕಿರೀಟ ಅಡವಿಟ್ಟದ್ದನ್ನು ಕಂಡವರು ನಾವು. ಆದರೆ ನೀರು ಕುಡಿದ ಬೆಡ್‌ಶೀಟಿಗೆ ಖಜಾನೆಯ ವಿಷಯ ಗೊತ್ತಿಲ್ಲ, ಅದು ಭಾರವಾಗಿಯೇ ಇರುತ್ತದೆ.

ಹಂಗಾಮಿ ನಗಲಿಲ್ಲ. ಹಿಡಿದ ತುದಿಯನ್ನು ಬಿಡದೆ ಕೇಳಿದಳು: "ಅಕ್ಕಾ, ಹಂಗಾದ್ರೆ ನಿಂದು ಮುಂದಿನ ವರ್ಷ ಆಗಲ್ವಾ?"

"ಇಲ್ಲ ಕಣೇ, ಇನ್ನೂ ನಾಲ್ಕು ವರ್ಷ" ಎಂದೆ.

"ನಾಲ್ಕಾ? ನಲವತ್ತೈದು ದಾಟಿದ್ರೆ ಖಾಯಂ ಮಾಡಲ್ವಂತೆ. ನಂಗೀಗ್ಲೇ ನಲವತ್ಮೂರು" ಎಂದಳು. ಆಮೇಲೆ ತುದಿ ಬಿಟ್ಟಳು. ತೊಳೆದ ಬಟ್ಟೆ ನೆಲಕ್ಕೆ ಬಿತ್ತು. ಅದನ್ನು ಇಬ್ಬರೂ ಎತ್ತಿ ಮತ್ತೆ ಯಂತ್ರಕ್ಕೆ ಹಾಕಿದೆವು.

ಮುಂದಿನ ವರ್ಷ ಬಿಡುಗಡೆ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ ತಂಗಿ. ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಸರ್ಕಾರದ ಲೆಕ್ಕದಲ್ಲಿ ನನಗೆ ಐವತ್ತೊಂಬತ್ತು. ನನ್ನ ಮಂಡಿಯ ಲೆಕ್ಕದಲ್ಲಿ ಅರವತ್ತಮೂರು. ಮಂಡಿ ಹೇಳುವುದೇ ನಿಜ ಎಂದು ತಿಳಿದವರು ಈ ಭೂಮಿಯ ಮೇಲೆ ನಾವಿಬ್ಬರೇ ಉಳಿದಿದ್ದೇವೆ. ಅರವತ್ತೇಳರ ತನಕ ಈ ನೆಲಮಾಳಿಗೆ! ಈಗಲೇ ಬಿಟ್ಟು ಹೋಗೋಣವೆಂದರೆ ಪಿಂಚಣಿ ಹೇಗೂ ಕಾಗದದ ಅರವತ್ತಮೂರಕ್ಕೇ ಬರುವುದು, ಆಸ್ಪತ್ರೆ ಕೊಟ್ಟ ಈ ಕೋಣೆ ಮಾತ್ರ ಮರುದಿನವೇ ಖಾಲಿ ಮಾಡಬೇಕು.

ಅಪ್ಪನನ್ನು ಬೈಯೋಣವೆಂದು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ನೆನಪಿದೆಯಾ, ರೈಲಿನಲ್ಲಿ ಟಿಕೆಟ್ ನೋಡುವವನು ಬಂದರೆ ಅಪ್ಪ ನನ್ನ ಕಡೆ ತಿರುಗಿ "ಕುಗ್ಗು!" ಎನ್ನುತ್ತಿದ್ದ, ನಾನು ಮಂಡಿ ಮಡಚಿ, ಕೆನ್ನೆ ಉಬ್ಬಿಸಿ, ಹೆಬ್ಬೆರಳು ಬಾಯಿಗಿಟ್ಟು ಅರ್ಧ ಟಿಕೆಟ್ಟಿನ ಮಗುವಾಗುತ್ತಿದ್ದೆ. ಡೇರೆಯಲ್ಲಿ ನಿನ್ನ ಕಡೆ ತಿರುಗಿ "ಹಿಗ್ಗು!" ಎನ್ನುತ್ತಿದ್ದ, ನೀನು ಬೆನ್ನು ನೆಟ್ಟಗೆ ಮಾಡಿ ಮಹಾರಾಣಿಯಾಗುತ್ತಿದ್ದೆ. ಹದಿನಾಲ್ಕರ ನಾನು ಬಾಲರಾಜಕುಮಾರ, ಹನ್ನೆರಡರ ನೀನು ನನ್ನ ತಾಯಿ! ಅಷ್ಟು ಚಿಕ್ಕ ಹುಡುಗಿ ರಾಣಿಯೇ ಎಂದು ಊರ ಹಿರಿಯರು ತಕರಾರು ತೆಗೆದಾರೆಂದು, ಕಂಪನಿ ತಿಂಗಳುಗಟ್ಟಲೆ ಡೇರೆ ಹಾಕಿದ ಊರಿನಲ್ಲಿ ಶಾಲೆಗೆ ಸೇರಿಸುವಾಗ, ಅರ್ಧ ಟಿಕೆಟ್ಟೂ ಉಳಿಯಲೆಂದು ನನ್ನನ್ನು ಹತ್ತು, ನಿನ್ನನ್ನು ಹದಿನಾಲ್ಕು ಎಂದು ಬರೆಸಿದ. ಮೇಷ್ಟ್ರು ಸಂಶಯವನ್ನೇ ಪಡಲಿಲ್ಲ. ಹಿಂದಿನ ವಾರವಷ್ಟೇ ನಾಟಕ ನೋಡಿ, ನೀನು ಸತ್ತ ಮಗನಾದ ನನ್ನನ್ನು ಮಡಿಲಿಗೆ ಹಾಕಿಕೊಂಡು ಅತ್ತದ್ದಕ್ಕೆ ತಾವೂ ಅತ್ತು ಹೋಗಿದ್ದವರು! ಅವತ್ತಿನ ಆ ಬರಹವೇ ನೌಕರಿಗೂ ಬಂತು. ಅದರಿಂದಾಗಿ ನೀನು ಸರ್ಕಾರದ ಕಣ್ಣಿಗೆ ಅರವತ್ತಾಗಿ ಐವತ್ತೆಂಟರಲ್ಲೇ ಮನೆ ಸೇರಿದೆ. ಹೊಟ್ಟೆಕಿಚ್ಚೇ ಎಂದು ಕೇಳಿದರೆ, ಆಗ ಸ್ವಲ್ಪ ಪಟ್ಟಿದ್ದೆ. ಈಗ ಇಲ್ಲ. ಆ ಪಿಂಚಣಿ ಕಾರ್ಡಿನಿಂದಲ್ಲವೇ ನಮ್ಮ ಪ್ರಾಂಪ್ಟರ್ ಮಹಾಶಯರು ವಾರ ವಾರ ಆಸ್ಪತ್ರೆಯ ಯಂತ್ರಕ್ಕೆ ರಕ್ತ ಕೊಟ್ಟು ಶುದ್ಧಮಾಡಿಸಿಕೊಂಡು ಬರುತ್ತಿರುವುದು. ಕಂಪನಿಯಲ್ಲಿ ಪರದೆಯ ಹಿಂದೆ ಕೂತು ನಮಗೆಲ್ಲ ಮರೆತ ಮಾತು ಕೊಟ್ಟ ಮನುಷ್ಯ. ನಿನ್ನ ಕೈ ಹಿಡಿದ ಮೇಲೆ ನಿನ್ನೆದುರು ಅವನಿಗೇ ಮಾತು ಸಿಗಲಿಲ್ಲ ಎಂಬುದು ಬೇರೆ ವಿಷಯ. ಡಯಾಲಿಸಿಸ್ ಒಂದು ವಾರ ನಿಂತರೆ ಏನಾಗುತ್ತದೆಂದು ನೀನೇ ಹಿಂದೊಮ್ಮೆ ಬರೆದಿದ್ದೆ. ಮರೆತೆಯಾ?

ಇನ್ನು ನಾನು ಬಿದ್ದ ಪ್ರಸಂಗ. ಹಂಗಾಮಿ ಅದನ್ನು ಮರಣದ ದೃಶ್ಯದಂತೆ ವರ್ಣಿಸಿದ್ದಾಳೆ ಎಂದು ನಿನ್ನ ಪತ್ರದಿಂದ ತಿಳಿಯಿತು. ಅಂಥದ್ದೇನೂ ಇಲ್ಲ. ಹಿಂಡುವ ಯಂತ್ರದಿಂದ ಬಟ್ಟೆಯ ಮುದ್ದೆ ಎಳೆಯುತ್ತಿದ್ದೆ, ಅದು ಬರಲಿಲ್ಲ, ನಾನು ಬಂದೆ. ಭುಜದಲ್ಲಿ ಏನೋ ಟಕ್ಕೆಂದಿತು. ಕಣ್ಣು ತೆರೆದಾಗ ಕೊಳೆಬಟ್ಟೆಯ ಟ್ರಾಲಿಯಲ್ಲಿ ಮಲಗಿದ್ದೆ, ಬಾಯ್ಲರ್‌ನವನು ಗಾಳಿ ಬೀಸುತ್ತಿದ್ದ, ಹಂಗಾಮಿ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಬೈಯುತ್ತಿದ್ದಳು. ಅವಳು ಬೈದದ್ದನ್ನು ಹಾಗೇ ಬರೆಯುತ್ತೇನೆ: "ನೀನು ಬಿದ್ರೆ ನಂಗೆ ಕೆಲ್ಸ ಸಿಗತ್ತೆ ಅಂತ ಎಲ್ರಿಗೂ ಗೊತ್ತು. ಆದ್ರೂ ಬೀಳ್ಬೇಡ ಕಣಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ." ಅಂದಿನಿಂದ ಒದ್ದೆ ಬಟ್ಟೆಯನ್ನೆಲ್ಲ ಅವಳೇ ಎತ್ತುತ್ತಾಳೆ. ನಾನು ಒಣಗಿದ್ದನ್ನು ಮಡಚುತ್ತೇನೆ. ಮೇಲ್ವಿಚಾರಕಿ ಬಂದಾಗ ಮಾತ್ರ ನಾನು ಯಂತ್ರದ ಮುಂದೆ ನಿಂತು ಎತ್ತುವಂತೆ ಅಭಿನಯಿಸುತ್ತೇನೆ. ಏನು ಅಭಿನಯ ಅಂತೀಯಾ! ಬೆವರೂ ಬರುತ್ತದೆ. ನನ್ನ ಕೆಲಸವನ್ನೂ ತನ್ನ ಕೆಲಸವನ್ನೂ ಮಾಡುವ ಆ ಹೆಣ್ಣಿಗೆ ಸಂಬಳ ದಿನಗೂಲಿಯದು. ಈ ಗೋಡೆಗಳ ಒಳಗೆ ನಾನೂ ಸಿಕ್ಕಿಬಿದ್ದಿದ್ದೇನೆ, ನನ್ನಿಂದಾಗಿ ಅವಳೂ. ಅವಳ ಮುಖ ನೋಡಿಯೇ ನಾನು ದಾಖಲೆ ವಿಭಾಗದ ಮೆಟ್ಟಿಲು ಹತ್ತಿದ್ದು, ನನ್ನ ಮಂಡಿಗಾಗಿ ಅಲ್ಲ. ಸರಿ, ಮಂಡಿಗಾಗಿಯೂ.

ಅಧಿಕಾರಿ ಒಳ್ಳೆಯ ಹೆಣ್ಣುಮಗಳು. ಕೂರಲು ಹೇಳಿದಳು, ನೀರು ಕೊಟ್ಟಳು. "ವಯಸ್ಸು ತಪ್ಪಾಗಿದೆ ಅಂತೀರಾ. ಹುಟ್ಟಿದ್ದು ಯಾವ ಊರಲ್ಲಮ್ಮ?" ಎಂದಳು. ಡೇರೆ ಎಲ್ಲಿತ್ತೋ ಆ ಊರು ಎಂದೆ. ಅಲ್ಲಿ ಯಾರಾದರೂ ಬರೆದಿಟ್ಟಿದ್ದಾರಾ ಎಂದಳು. ಸೂಲಗಿತ್ತಿಗೆ ಉಚಿತ ಪಾಸು ಕೊಟ್ಟಿದ್ದೆವು, ಅದಕ್ಕಿಂತ ಹೆಚ್ಚೇನೂ ಇಲ್ಲ ಎಂದೆ. ಅವಳು ನಕ್ಕಳು. ಆಮೇಲೆ, "ಒಡಹುಟ್ಟಿದವರು ಯಾರಾದ್ರೂ ಬಂದು ಹೇಳಿದ್ರೆ ತಿದ್ದೋಕೆ ದಾರಿ ಇದೆ" ಎಂದಳು. ನನ್ನ ಎದೆ ನಗಾರಿಯಾಯಿತು. ಒಬ್ಬಳು ತಂಗಿ ಇದ್ದಾಳೆ ಎಂದುಬಿಟ್ಟೆ!

ಅವಳು ಕಂಪ್ಯೂಟರಿನಲ್ಲಿ ಏನೋ ತಟ್ಟಿದಳು. ಮುಖ ಸಣ್ಣದಾಯಿತು. "ಇಲ್ಲಿ ಅಕ್ಕ ಅಂತಿದೆಯಲ್ಲಮ್ಮ? ಪಿಂಚಣಿ ತಗೋತಿದಾರೆ. ನಿಮಗಿಂತ ನಾಲ್ಕು ವರ್ಷ ದೊಡ್ಡವರು." ಅವಳು ದನಿ ತಗ್ಗಿಸಿದಳು. "ಅವರು ತಂಗಿ ಆಗಿದ್ರೆ ಅವರ ವಯಸ್ಸೂ ತಪ್ಪು. ನಿಮ್ಮದನ್ನ ತೆರೆದ್ರೆ ಅವರದನ್ನೂ ತೆರೀಬೇಕಾಗತ್ತೆ. ತಗೊಂಡಿದ್ದನ್ನ ವಾಪಸ್ ಕೇಳ್ತಾರೆ, ಕಾರ್ಡು ಅವತ್ತೇ ನಿಲ್ಲತ್ತೆ. ಯೋಚನೆ ಮಾಡಿ ಹೇಳಿ. ನೀವು ಹೇಳಿದ್ದನ್ನ ನಾನು ಬರೀತೀನಿ."

ಅಷ್ಟರಲ್ಲಿ ಊಟದ ಬೆಲ್ಲು ಹೊಡೆಯಿತು, ನಾನು ಎದ್ದು ಬಂದೆ. ಅಷ್ಟೇ ನಡೆದದ್ದು.

ಹಂಗಾಮಿಗೆ ಇನ್ನೂ ಹೇಳಿಲ್ಲ. ಕೆಲಸ ಏನಾಯಿತು ಎಂದು ಕೇಳಿದಳು. ಕಚೇರಿಯ ಕೆಲಸ, ನಿಧಾನ ಎಂದೆ. ಅವಳು ಬಟ್ಟೆ ಎತ್ತಲು ಬಗ್ಗಿದಳು. ಬಾಯ್ಲರ್‌ನವನು ಮಾತ್ರ ನನ್ನ ಮುಖ ನೋಡಿ ರೇಡಿಯೋ ಆರಿಸಿದ. ಅವನು ರೇಡಿಯೋ ಆರಿಸಿದ್ದನ್ನು ಈ ಜನ್ಮದಲ್ಲಿ ಮೊದಲ ಸಲ ಕಂಡೆ.

ನೀನು ಯೋಚಿಸಬೇಡ. ಮೇಲ್ವಿಚಾರಕಿ ಮನಸ್ಸು ಮಾಡಿದರೆ ನನ್ನನ್ನು ಸ್ಟೋರಿಗೆ ಹಾಕಬಹುದು, ಅಲ್ಲಿ ದಿಂಬಿನ ಕವರು ಎಣಿಸಿಕೊಂಡು ಕೂರಬಹುದು. ಕೇಳಿಲ್ಲ, ಕೇಳುತ್ತೇನೆ. ಪ್ರಾಂಪ್ಟರ್‌ಗೆ ನನ್ನ ನಮಸ್ಕಾರ ಹೇಳು. ಅವನಿಗೆ ಈ ಪತ್ರ ಓದಿ ಹೇಳಬೇಡ. ಆ ಮನುಷ್ಯ ಕೇಳಿದರೆ ಇಂದೇ ಯಂತ್ರಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿಯುತ್ತಾನೆ. ನಿನ್ನ ಕಿವಿಗೆ ಎಣ್ಣೆ ಬಿಡಬೇಡ, ಡಾಕ್ಟರಿಗೆ ತೋರಿಸು. ಸಿಟ್ಟು ಮಾಡಿಕೊಳ್ಳಬೇಡ.

ಎಂದೆಂದಿಗೂ ನಿನ್ನ,
ತಂಗಿ

ಮರೆತಿದ್ದು: ಸಹಿ ನೋಡಿ ಅಕ್ಕನಿಗೆ ಅರಳುಮರಳು ಎಂದುಕೊಂಡೆಯಾ? ಊಟದ ಬೆಲ್ಲು ಹೊಡೆದದ್ದು ನಿಜ, ನಾನು ಎದ್ದು ಬಂದದ್ದು ಆಮೇಲೆ. ಬೆಲ್ಲು ನಿಂತ ಮೇಲೆ ಅಧಿಕಾರಿ, "ಹೇಳಿ ಅಮ್ಮ, ಅವರು ನಿಮಗೆ ಏನಾಗ್ಬೇಕು?" ಎಂದು ಕೇಳಿದಳು. ನಾನು ನಿಂತುಕೊಂಡೆ, ಹೊಟ್ಟೆಯಿಂದ ದನಿ ತೆಗೆದೆ: "ಅಕ್ಕ! ನನ್ನ ಸ್ವಂತ ಅಕ್ಕ. ಎತ್ತಿ ಆಡಿಸಿದವಳು, ತಲೆ ಬಾಚಿದವಳು. ನಾನು ಹೇಳಿದ್ದು ಮರೆವಿನಿಂದ, ವಯಸ್ಸೆಲ್ಲ ಸರಿಯಾಗಿಯೇ ಇದೆ." ಪಕ್ಕದ ಕೋಣೆಯವರೂ ಇಣುಕಿದರು. ಆ ಹೆಣ್ಣುಮಗಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು, ನಂಬಿದಳೆಂದು ನನಗನ್ನಿಸಲಿಲ್ಲ, ಆದರೆ ಬರೆದುಕೊಂಡಳು. ನಾನು ಸಹಿ ಮಾಡಿದೆ. ಒಮ್ಮೆ ಹೀಗೆ ಮುಗಿದ ಅರ್ಜಿಯನ್ನು ಮತ್ತೆ ತೆರೆಯುವುದಿಲ್ಲವಂತೆ. ಈಗ ನೀನು ಬಂದು ನಿಜ ಹೇಳಿದರೆ ನನ್ನನ್ನು ಬಿಡಿಸಿದ ಹಾಗಾಗುವುದಿಲ್ಲ, ಇಬ್ಬರನ್ನೂ ಮುಳುಗಿಸಿದ ಹಾಗಾಗುತ್ತದೆ. ಇನ್ನು ಮುಂದೆ ನೀನೇ ದೊಡ್ಡವಳು. ಬೈಯಬೇಕೆನಿಸಿದರೆ ಬೈ. ಆದರೆ ಕಚೇರಿಗೆ ಬರಬೇಡ. ಬರುವುದೇ ಆದರೆ ಇಲ್ಲಿಗೆ ಬಾ, ಎರಡು ದಿನ ಇದ್ದು ಹೋಗು, ಜಡೆ ಹಾಕಿಕೊಡು. ಬಲಗೈ ಕಿವಿಯಿಂದ ಮೇಲಕ್ಕೆ ಹೋಗುತ್ತಿಲ್ಲ.